ಕೆಂಪು ಕೋಳಿಯ ತಪ್ಪು

ಮುದ್ದೇಬಿಹಾಳದ ನಮ್ಮ ಪಕ್ಕದ ಮನೆಯ ಮಾಸ್ತರರಿಗೆ ಗೋಧಿ ಆಗುತ್ತಿರಲಿಲ್ಲ. ತಿಂದರೆ ಹೊಟ್ಟೆ ಉಬ್ಬಿ ಎರಡು ದಿನ ಮಲಗುತ್ತಿದ್ದರು. ಮೊಟ್ಟೆಗೂ ಗೋಧಿ ಇಳಿದೀತೆಂದು ಹಿತ್ತಲಿನ ಕೋಳಿಗಳಿಗೆ ಜೋಳವನ್ನೇ ಹಾಕುತ್ತಿದ್ದರು. ಯಾರು ಕಾಳು ಚೆಲ್ಲಿದರೂ, “ಗೋದಿ ಅಲ್ಲಲ್ಲ?” ಎಂದು ಬಗ್ಗಿ ನೋಡುತ್ತಿದ್ದರು.

ಒಂದು ಸೋಮವಾರ ಮಠದ ಪಂಕ್ತಿಯಲ್ಲಿ ನನ್ನ ಎದುರಿಗೇ ಕೂತು ಎರಡು ಸಲ ಗೋಧಿ ಹುಗ್ಗಿ ಹಾಕಿಸಿಕೊಂಡರು.

“ಮಾಸ್ತರ್ರ, ಗೋದಿ ಐತ್ರಿ,” ಎಂದೆ.

“ಪ್ರಸಾದಕ್ಕ ಹಂಗ ಅನಬಾರ್ದು, ತಮ್ಮಾ.”

ಮರುದಿನ ಹೊಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ಬಂದು, ಕೆಂಪು ಕೋಳಿ ಎಲ್ಲೋ ಗೋಧಿ ಮೇದು ಮೊಟ್ಟೆ ಇಟ್ಟಿದೆ, ಅದನ್ನು ತಿಂದೇ ಹೀಗಾಯಿತೆಂದು ಅದರ ಕಾಲು ಕಟ್ಟಿದರು.

“ಹುಗ್ಗಿ ಉಂಡಾವ್ರು ನೀವು. ಅದೇನ್ ಮಾಡೇತ್ರಿ, ಪಾಪ?” ಎಂದರು ಅವರ ಹೆಂಡತಿ.

“ಪ್ರಸಾದದ ಮ್ಯಾಲ ತಪ್ಪು ಹೊರಸ್ತೀಯೇನ?”

ಆಕೆ ಬೇಲಿಯಾಚೆ ನಿಂತಿದ್ದ ನನ್ನತ್ತ ನೋಡಿದರು. ಎಲ್ಲ ಕಂಡಿದ್ದ ನಾನು ಬಾಯಿ ಬಿಡಲಿಲ್ಲ. ಸಂಜೆ ನಮ್ಮ ಮನೆಗೂ ಒಂದು ಬಟ್ಟಲು ಕೋಳಿ ಸಾರು ಬಂತು. ಉಂಡೆ.