ಅಮಾವಾಸ್ಯೆಯ ದಿನ ಎಣಿಸಿದ ರಸ್ತೆ

ಗಂಗಾವತಿಯಿಂದ ಸಿದ್ದಾಪುರದ ಕಡೆಗೆ ಹೊರಡುವ ರಸ್ತೆಯಲ್ಲಿ ನಡೆಯುವವರಿಗೆ ದಾರಿಯಿಲ್ಲ, ಸೈಕಲ್ಲಿಗೆ ಜಾಗವಿಲ್ಲ. ಅದು ಇಲ್ಲದಂತೆ ಮಾಡಿದವನು ನಾನು. ಇಷ್ಟು ವರ್ಷ ಸಭೆ ಸಭೆಗಳಲ್ಲಿ ಗುತ್ತಿಗೆದಾರರನ್ನೂ ಅಧಿಕಾರಿಗಳನ್ನೂ ಇದಕ್ಕಾಗಿ ಬೈದಿದ್ದೇನೆ — ಬೈಯುವಾಗಲೂ ನನಗೆ ಇದು ಗೊತ್ತಿತ್ತು.

ನನ್ನ ವೃತ್ತಿ ಶಾಸನಗಳ ಕಾಲನಿರ್ಣಯ. ಕಲ್ಲಿನ ಮೇಲಿನ ತಿಥಿಯೂ ವಾರವೂ ಪಂಚಾಂಗದ ಲೆಕ್ಕಕ್ಕೆ ಕೂಡುವವರೆಗೆ ಲೇಖನವನ್ನು ಮುದ್ರಣಕ್ಕೆ ಕೊಟ್ಟವನಲ್ಲ. ಕನಕಗಿರಿಯ ಶಾಸನವೊಂದರ ತಿಥಿಯನ್ನು ತಪ್ಪಾಗಿ ಓದಿದನೆಂದು ನನ್ನ ವಿದ್ಯಾರ್ಥಿಯೊಬ್ಬನನ್ನು ತುಂಬಿದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದ್ದೇನೆ. ಇಂಥ ಕಟ್ಟುನಿಟ್ಟಿನವನೆಂಬ ನಂಬಿಕೆಯಿಂದಲೇ, ನಾನು ನಿವೃತ್ತನಾದ ಮರುವರ್ಷ, ಆ ರಸ್ತೆಯ ಅಗಲೀಕರಣಕ್ಕೆ ಸಲಹೆ ಕೊಡುವ ನಾಗರಿಕ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು.

ರಸ್ತೆ ಮೋಟಾರುಗಳದ್ದಷ್ಟೇ ಅಲ್ಲ, ನಡೆಯುವವರಿಗೂ ಸೈಕಲ್ಲಿನವರಿಗೂ ಅದರಲ್ಲಿ ಪಾಲಿದೆ ಎಂಬ ನೀತಿ ಆ ಹೊತ್ತಿಗೆ ಕಾಗದದ ಮೇಲಾದರೂ ಬಂದಿತ್ತು. ಪಾಲು ಹಂಚುವ ಮೊದಲು ಯಾರು ಯಾರು ಓಡಾಡುತ್ತಾರೆಂದು ಒಂದು ದಿನ ನಿಂತು ಎಣಿಸಬೇಕಿತ್ತು. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ದಿನ ಗೊತ್ತುಮಾಡಿದರು. ಅಂದು ಅಮಾವಾಸ್ಯೆ.

ನಮ್ಮ ಭಾಗದಲ್ಲಿ ಅಮಾವಾಸ್ಯೆಯೆಂದರೆ ಅಕ್ಕಿ ಗಿರಣಿಗಳು ಬಾಗಿಲು ಹಾಕುತ್ತವೆ, ಹಮಾಲರು ಚೀಲ ಎತ್ತುವುದಿಲ್ಲ. ಆ ರಸ್ತೆಯಲ್ಲಿ ನಡೆಯುವವರೂ ಸೈಕಲ್ ತುಳಿಯುವವರೂ ಬಹುಪಾಲು ಅವರೇ. ಆ ದಿನ ಎಲ್ಲರೂ ಮನೆಯಲ್ಲಿರುತ್ತಾರೆ. ಎಂಜಿನಿಯರ್ ಮೈಸೂರಿನ ಕಡೆಯವರು, ಅವರಿಗೆ ಇದು ತಿಳಿದಿರಲಿಲ್ಲ. ಇಲ್ಲಿಯೇ ಹುಟ್ಟಿದ, ತಿಥಿಗಳ ಲೆಕ್ಕದಲ್ಲೇ ಆಯುಷ್ಯ ಕಳೆದ ನನಗೆ — ಇನ್ನು ಏನು ಹೇಳಲಿ.

ಎಣಿಕೆ ಮುಗಿದ ಸಂಜೆ ಎಂಜಿನಿಯರೇ ಕೇಳಿದರು: “ಸಾರ್, ಜನ ತುಂಬಾ ಕಮ್ಮಿ ಅನ್ನಿಸ್ತಿದೆ. ಇನ್ನೊಂದಿನ ಎಣಿಸೋಣ್ವಾ?”

“ಬ್ಯಾಡ್ರಿ. ಇಷ್ಟು ಸಾಕು,” ಎಂದೆ. ಆ ರಸ್ತೆಯಲ್ಲಿ ನಡೆಯುವವರೇ ಇಲ್ಲವೆಂದು ಸಮಿತಿಯ ವರದಿಯಲ್ಲಿ ಬರೆದು ಸಹಿ ಹಾಕಿದೆ.

ಆ ರಸ್ತೆಯಲ್ಲೇ ನನ್ನ ಮನೆಯಿದೆ. ಪಾದಚಾರಿ ಮಾರ್ಗವಾಗಿದ್ದರೆ ನಾನು ಹೊಸದಾಗಿ ಕೊಂಡ ಕಾರು ನಿಲ್ಲಿಸುವ ಜಾಗ ಹೋಗುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣ ಒಂದಾದರೂ ಇದ್ದೀತೆಂದು ಹುಡುಕಿದ್ದೇನೆ, ಇಲ್ಲ.

ನಮ್ಮೆದುರಿನ ಸಾಲಿನಲ್ಲಿ, ರಸ್ತೆಯ ಅಂಚಿಗೇ ಹುಲಿಗೆವ್ವನ ಮನೆ. ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸಕ್ಕೆ ನಡೆದು ಹೋಗುತ್ತಿದ್ದಳು. ರಸ್ತೆ ಅಗಲವಾದ ವರ್ಷ ಭತ್ತದ ಲಾರಿಯೊಂದು ಇನ್ನೊಂದನ್ನು ಹಿಂದೆ ಹಾಕಲು ಬಂದಾಗ ಆಕೆಗೆ ಸರಿಯಲು ಜಾಗವಿರಲಿಲ್ಲ. ಹಿಂದಿನ ಚಕ್ರ ಪಾದದ ಮೇಲೆ ಹಾಯಿತು. ಅದು ದೀಪಾವಳಿಯ ಹಿಂದಿನ ವಾರವೆಂದು ಇಲ್ಲಿ ಮೊದಲು ಬರೆದಿದ್ದೆ. ವಿಚಾರಿಸಲಾಗಿ ಮುಂದಿನ ವಾರವೆಂದು ತಿಳಿಯಿತು, ತಿದ್ದಿದ್ದೇನೆ. ಇಂಥ ತಿದ್ದುಪಡಿಗಳಿಗೆ ನನ್ನಲ್ಲಿ ಧೈರ್ಯ ಎಂದೂ ಕಡಿಮೆಯಾದದ್ದಿಲ್ಲ.

ಆಮೇಲೆ ನಾನು ಹೋರಾಟಗಾರನಾದೆ. ಕೊಪ್ಪಳದಲ್ಲಿ ಮನವಿ, ಕುಷ್ಟಗಿಯಲ್ಲಿ ಉಪನ್ಯಾಸ, ಯಲಬುರ್ಗಾದಲ್ಲಿ ವಿಚಾರಗೋಷ್ಠಿ — ನಡೆಯುವವರ ಹಕ್ಕಿನ ಬಗ್ಗೆ ಮಾತನಾಡಲು ಎಲ್ಲರೂ ಕಾರಿನಲ್ಲಿ ಬರುವ ಗೋಷ್ಠಿ. ನಾನೂ ಕಾರಿನಲ್ಲೇ ಹೋಗುತ್ತಿದ್ದೆ. ಮನವಿ ಕೊಟ್ಟಾಗಲೆಲ್ಲ ಲೋಕೋಪಯೋಗಿ ಕಚೇರಿಯ ವ್ಯವಸ್ಥಾಪಕರು ನಕ್ಕು ಹೇಳುತ್ತಿದ್ದರು: “ಸರ, ನಡಿಯೋ ಮಂದಿ ಇಲ್ಲಂತ ಬರದಾವ್ರು ನೀವ. ಈಗ ಫುಟ್‌ಪಾತ್ ಬೇಕನ್ನಾವ್ರೂ ನೀವ. ನಾವು ಯಾರ ಮಾತು ಕೇಳೂನ್ರಿ, ಆಗಿನ ಸರಂದೋ, ಈಗಿನ ಸರಂದೋ?”

ಆ ಮನುಷ್ಯನ ಮೇಲೆ ಎಷ್ಟು ಸಿಟ್ಟಾಗಿದ್ದೇನೆ! ಮನೆಗೆ ಬಂದು ಊಟ ಬಿಟ್ಟಿದ್ದೇನೆ. ಒಂದೇ ವಾಕ್ಯ ಸಾಕಿತ್ತು — ಆ ಎಣಿಕೆ ಸುಳ್ಳು, ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದೆ. ನೀತಿ ಹೇಳಿದೆ, ಕಾನೂನು ಹೇಳಿದೆ, ಹೊರದೇಶದ ಊರುಗಳ ಉದಾಹರಣೆ ಹೇಳಿದೆ.

ಈಗ ಆ ರಸ್ತೆಯನ್ನು ಮತ್ತೆ ಮಾಡುತ್ತಾರಂತೆ. ನಕ್ಷೆಗೆ ಆಧಾರ ಅದೇ ಹಳೆಯ ಎಣಿಕೆ. ಸೋಮವಾರ ಸಾರ್ವಜನಿಕರ ಅಹವಾಲು ಕೇಳುವ ಸಭೆಯಿದೆ. ಹುಲಿಗೆವ್ವನ ಮಗಳು ಈಗ ಆ ರಸ್ತೆಯಲ್ಲೇ ಸೈಕಲ್ ಮೇಲೆ ಕಾಲೇಜಿಗೆ ಹೋಗುತ್ತಾಳೆ.

ನಿನ್ನೆ ಸಂಜೆ ಹುಲಿಗೆವ್ವನ ಮನೆಗೆ ಹೋದೆ. ಪಾದ ಜಜ್ಜಿ ಗಿರಣಿಯ ಕೆಲಸ ಬಿಟ್ಟಾಗಿನಿಂದ ಆಕೆ ಬಾಗಿಲಲ್ಲೇ ಒಲೆ ಹೂಡಿ ಮಿರ್ಚಿ ಕರಿದು ಮಾರುತ್ತಾಳೆ.

“ರೋಡಿನ ಮಂದಿ ಎಣಿಸಿದ ದಿನ ಅಮಾಸಿ ಇತ್ತು ಹುಲಿಗೆವ್ವ. ಅದಕ್ಕ ಯಾರೂ ಕಾಣಲಿಲ್ಲ. ನನಗ ಗೊತ್ತಿತ್ತು.”

ಎಣ್ಣೆಯಲ್ಲಿ ಮಿರ್ಚಿ ತಿರುವುತ್ತಿದ್ದ ಆಕೆಯ ಕೈ ನಿಲ್ಲಲಿಲ್ಲ. “ಗೊತ್ತಿದ್ದೂ ಯಾಕ ಸುಮ್ಕ ಕುಂತ್ರಿ?”

“ಕಾರ್ ನಿಲ್ಲಸೂ ಜಾಗ ಹೊಕ್ಕಿತ್ತು.”

ಆಕೆ ತಲೆಯೆತ್ತಿ ನೋಡಿದಳು. “ಕಾರ್ ಛಲೋ ಐತೇನ್ರಿ?”

ಸೋಮವಾರ ಎಲ್ಲರ ಮುಂದೆ ಹೇಳುತ್ತೇನೆಂದೆ.

“ಅಲ್ಲೇ ಹೇಳ್ರಿ. ನನ್ನ ಮುಂದ ಹೇಳಿದ್ರ ನಾ ಏನು ರೋಡ್ ಮಾಡ್ತೀನಿ?” ಎಂದಳು. ಆಮೇಲೆ, “ತುಸು ಬಾಜೂಕ ಸರೀರಿ ಸರ. ಹುಡುಗಿ ಬರೂ ಹೊತ್ತಾತು, ರೋಡ್ ಕಾಣವಲ್ದು.”

ಸರಿದು ನಿಂತೆ. ಒಂದು ಲಾರಿ ಹೋಯಿತು, ಅದರ ಬೆನ್ನಿಗೇ ಇನ್ನೊಂದು. ಲಾರಿ ಹಾಯುವಾಗಲೆಲ್ಲ ಹುಲಿಗೆವ್ವನ ಕೈ ಎಣ್ಣೆಯ ಮೇಲೆ ಹಾಗೆಯೇ ನಿಲ್ಲುತ್ತಿತ್ತು. ಮಿರ್ಚಿ ಕರಕಾದರೂ ಕಣ್ಣು ರಸ್ತೆಯನ್ನು ಬಿಡುತ್ತಿರಲಿಲ್ಲ. ಈ ಹೊತ್ತು ಆಕೆಗೆ ದಿನವೂ ಬರುತ್ತದೆ. ಎದುರಿನ ಮನೆಯಲ್ಲಿದ್ದೂ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಸೈಕಲ್ಲು ಕಾಣಿಸುವವರೆಗೆ ನಾನೂ ಅಲ್ಲೇ ನಿಂತು ರಸ್ತೆ ನೋಡಿದೆ.