ಮಾಸ್ಟರ ಬಲಗೈ ವಾಚು

ಇಂದಿರಾನಗರದಲ್ಲಿ ನನಗೆ ಕಾರು ಓಡಿಸಲು ಕಲಿಸಿದ ಮಾಸ್ಟರು ವಾಚನ್ನು ಬಲಗೈಗೆ ಕಟ್ಟುತ್ತಿದ್ದರು. ಎಡಗೈಯನ್ನು ಕಿಟಕಿಯ ಮೇಲಿಟ್ಟು ಕೂರುವುದು ಅವರ ಅಭ್ಯಾಸ; ಆ ಕೈಗೆ ಕಟ್ಟಿದರೆ ಪಕ್ಕದಲ್ಲಿ ನುಗ್ಗುವ ಬೈಕುಗಳು ಎಲ್ಲಿ ವಾಚಿಗೆ ತಾಗಿಬಿಡುತ್ತವೋ ಎಂಬ ಭಯ. ಶಿವಾಜಿನಗರದವರಾದ ಮಾಸ್ಟರು ಐವತ್ತು ದಾಟಿದ ಮೇಲೆ ಕೊಂಡ ಮೊದಲ ದುಬಾರಿ ವಾಚು ಅದು. "ಬ್ಯಾಟರಿ ಇಲ್ಲ ಮೇಡಂ. ಕೈ ಆಡಿದ್ರೆ ಅದೇ ಓಡುತ್ತೆ," ಎಂದು ಮೊದಲ ದಿನವೇ ಹೇಳಿದ್ದರು. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ನಾನು ಕ್ಲಚ್ ಬೇಗ ಬಿಟ್ಟರೆ, "ಅವಸರ ಬೇಡ ಮೇಡಂ," ಎನ್ನುತ್ತಿದ್ದರು. ಹಿಂದಿನವರು ಹಾರ್ನ್ ಒತ್ತಿದರೂ ಅದೇ ಮಾತು.

ಕಲಿಯುತ್ತಿದ್ದುದು ನಮ್ಮದೇ ಕಾರಿನಲ್ಲಿ, ಹಾಗಾಗಿ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿರುವಂತೆ ಅವರ ಕಾಲ ಬಳಿ ಇನ್ನೊಂದು ಬ್ರೇಕ್ ಇರಲಿಲ್ಲ. ಒಂದು ಬೆಳಿಗ್ಗೆ ಹಲಸೂರು ಕೆರೆಯ ಹತ್ತಿರದ ಏರಿನಲ್ಲಿ ಕಾರು ಆಫ್ ಆಗಿ ಹಿಂದಕ್ಕೆ ಜಾರಿತು. ಹಿಂದೆ ಶಾಲೆಯ ಮಕ್ಕಳಿದ್ದ ಆಟೊ ನಿಂತಿತ್ತು. ಗಾಬರಿಯಲ್ಲಿ ನನಗೆ ಬ್ರೇಕ್ ಯಾವುದೆಂದೇ ತಿಳಿಯಲಿಲ್ಲ. ಮಾಸ್ಟರು ಬಲಗೈಯಿಂದ ಹ್ಯಾಂಡ್‌ಬ್ರೇಕ್ ಎಳೆದರು. ಕಾರು ನಿಂತಿತು. ಸೀಟ್‌ಬೆಲ್ಟಿನ ಕೊಂಡಿಗೆ ಉಜ್ಜಿ ವಾಚಿನ ಅಂಚಿನಲ್ಲಿ ಉದ್ದನೆಯ ಗೀರು ಬಿತ್ತು.

ಅವರು ಮೊದಲು ಹಿಂದೆ ತಿರುಗಿ ಆಟೊ ನೋಡಿದರು, ಆಮೇಲೆ ನನ್ನನ್ನು, ಆಮೇಲೆ ವಾಚನ್ನು. ನಾನೇ ರಿಪೇರಿ ಮಾಡಿಸಿಕೊಡುತ್ತೇನೆ ಎಂದೆ.

"ಬೇಡ ಮೇಡಂ. ತಗೊಂಡಾಗಿಂದ ಇದಕ್ಕೇ ಹೆದರ್ತಿದ್ದೆ. ಆಗ್ಹೋಯ್ತಲ್ಲ, ಬಿಡಿ. ಇನ್ಮೇಲೆ ನೆಮ್ಮದಿಯಾಗಿ ಹಾಕ್ಕೋತೀನಿ."

ಮತ್ತೆ ಸ್ಟಾರ್ಟ್ ಮಾಡಲು ಹೇಳಿದರು. ಏರು ಮುಗಿಯುವವರೆಗೂ ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆಯಲಿಲ್ಲ.