ಎರಡು ಬಾಗಿಲ ನಡುವಿನ ವರ್ಲೀನ್

ಇನ್ನೂ ಬೆಳಕು ಹರಿದಿಲ್ಲ. ಚರ್ಚಿನ ಹಿಂದಿನ ಪುಟ್ಟ ಮನೆಯ ಬೀಗ ತೆಗೆದ ವರ್ಲೀನ್ ಸ್ಟಾಂಪರ್, ದೀಪ ಹಾಕುವ ಮೊದಲು ಪರದೆ ಸರಿಸಿ ಎರಡೂ ಕಡೆಯ ಅಂಗಳ ನೋಡುತ್ತಾರೆ. ಮಗುವನ್ನು ಬಿಟ್ಟುಹೋಗುವವರು ಹಿಂಬಾಗಿಲಿಗೆ ಬರಬೇಕು, ಕರೆದೊಯ್ಯುವವರು ಮುಂಬಾಗಿಲಿಗೆ. ಬೇರೆಯಾದ ಗಂಡ ಹೆಂಡತಿ ಎದುರುಬದುರಾಗದಂತೆ ಮಗುವಿನ ಕೈಹಿಡಿದು ಈ ಬಾಗಿಲಿನಿಂದ ಆ ಬಾಗಿಲಿಗೆ ದಾಟಿಸುವುದೇ ಅವರ ಕೆಲಸ.

ಈ ಸೋಮವಾರ ಮುಂದಿನ ಕೋಣೆಯಲ್ಲಿ ಶೆಲ್ಬಿ ಕಾಯುತ್ತಿದ್ದಾಳೆ. ವರ್ಲೀನ್ ಬಗ್ಗೆ ಬರೆಯಲು ಬಂದ ನಾನೂ ಮೂಲೆಯ ಕುರ್ಚಿಯಲ್ಲಿದ್ದೇನೆ. ಆರು ವರ್ಷದ ಮಗಳು ಜೂನಿ, ಅಪ್ಪ ಡಾರೆಲ್ ಬಳಿ ವಾರ ಕಳೆದು ಬರಬೇಕು. ಹೊತ್ತು ಮೀರಿದೆ.

"ಅವಳನ್ನ ಕರ್ಕೊಂಡು ಗಡಿ ದಾಟಿ ಟೆನೆಸ್ಸಿ ರಾಜ್ಯಕ್ಕೆ ಹೋಗಿಬಿಟ್ಟಿದ್ರೆ, ಮಿಸ್ ವರ್ಲೀನ್?"

"ಬರ್ತಾನೆ, ಕೂತ್ಕೋ."

"ಮಗಳ ಖರ್ಚಿಗೆ ಅಂತ ಬಿಡಿಗಾಸು ಕೊಟ್ಟಿಲ್ಲ. ನಾನ್ಯಾಕಾದ್ರೂ ಅವಳನ್ನ ಕಳಿಸಿದ್ನೋ."

"ಕಳಿಸದೇ ಇದ್ದಿದ್ರೆ ಜಡ್ಜ್ ಮುಂದೆ ನಿನ್ನದೇ ತಪ್ಪಾಗ್ತಿತ್ತು. ಕಾನೂನಿಗೆ ದುಡ್ಡಿನ ಜಗಳ ಬೇರೆ, ಮಗು ನೋಡೋ ದಿನ ಬೇರೆ ಕಣಮ್ಮ."

ನಮ್ಮ ಕೆಂಟಕಿ ರಾಜ್ಯದ ಕಾನೂನು, ಮಗುವಿನ ದಿನಗಳು ಇಬ್ಬರಿಗೂ ಸಮಪಾಲು ಎಂಬಲ್ಲಿಂದಲೇ ಶುರುವಾಗುತ್ತದೆ. ಬೇಡವೆನ್ನುವವರು ಕಾರಣ ತೋರಿಸಬೇಕು. ಡಾರೆಲ್ ಒಮ್ಮೆ ಶೆಲ್ಬಿಯ ಕುತ್ತಿಗೆಗೆ ಕೈಹಾಕಿದ್ದ. ಹೆದರಿದ ಅವಳು ಆಗ ದೂರು ಕೊಡಲಿಲ್ಲ. ಹಾಗಾಗಿ ಕೋರ್ಟ್ ಇಬ್ಬರಿಗೂ ವಾರ ಬಿಟ್ಟು ವಾರ ಹಂಚಿತು. ಮಗುವನ್ನು ಒಪ್ಪಿಸುವುದು ಮಾತ್ರ ಇಲ್ಲೇ ಆಗಬೇಕೆಂದಿತು.

ವರ್ಲೀನ್ ಮೊದಲು ಶಾಲೆಯೊಂದರ ಅಡುಗೆಮನೆಯಲ್ಲಿದ್ದರು. ತಂಗಿ ರೋಂಡಾ ಪೆಟ್ರೋಲ್ ಬಂಕಿನ ಮುಂದೆ ಮಗನನ್ನು ಒಪ್ಪಿಸುವಾಗ ಅವಳ ಮಾಜಿ ಗಂಡ ಅವಳ ಮೇಲೇ ಕಾರು ಹತ್ತಿಸಿದ. "ಜೀವ ಉಳೀತು, ಕಾಲು ಹೋಯ್ತು. ಮಗ ಅಲ್ಲೇ ನಿಂತು ನೋಡ್ದ," ಎನ್ನುತ್ತಾರೆ. ಆ ವರ್ಷವೇ ಇಲ್ಲಿಗೆ ಸೇರಿದರು.

ಟೈರಿನ ಸದ್ದು. ಹಿಂದಿನ ಅಂಗಳದಲ್ಲಲ್ಲ, ಮುಂದೆ. ಬಾಗಿಲು ತಳ್ಳಿಕೊಂಡು ಡಾರೆಲ್ ನಿಂತಿದ್ದಾನೆ. ಒಂದು ಕೈಯಲ್ಲಿ ಜೂನಿಯ ಮಣಿಕಟ್ಟು, ಇನ್ನೊಂದು ಕೈ ಜಾಕೆಟ್ ಜೇಬಿನೊಳಗೆ. ಶೆಲ್ಬಿ ಗೋಡೆಗೆ ಅಂಟಿಕೊಳ್ಳುತ್ತಾಳೆ.

ವರ್ಲೀನ್ ಹೋಗಿ ಅಡ್ಡ ನಿಲ್ಲುತ್ತಾರೆ. "ಬಾಗಿಲು ತಪ್ಪಿದೆ, ಡಾರೆಲ್."

"ಅವಳ ಹತ್ರ ಒಂದೇ ಒಂದು ಮಾತು."

"ಮಾತೆಲ್ಲ ವಕೀಲರ ಹತ್ರ."

ಅವನು ಕದಲುವುದಿಲ್ಲ. ಜೇಬಿನ ಕೈಯೂ ಹೊರಬರುವುದಿಲ್ಲ.

"ಜೂನಿ ಶೂ ಲೇಸ್ ಬಿಚ್ಚಿದೆ ನೋಡು," ಎನ್ನುತ್ತಾರೆ ವರ್ಲೀನ್, ದನಿ ಏರಿಸದೆ. "ಮುಗ್ಗರಿಸ್ತಾಳೆ. ಕಟ್ಟಪ್ಪಾ."

ಅವನು ಅವರನ್ನೇ ದಿಟ್ಟಿಸುತ್ತಾನೆ. ಆಮೇಲೆ ಮಗಳ ಕಾಲು ನೋಡುತ್ತಾನೆ. ಜೇಬಿನಿಂದ ಕೈ ಬರುತ್ತದೆ, ಖಾಲಿ ಕೈ. ಮಂಡಿಯೂರಿ ಲೇಸ್ ಕಟ್ಟುತ್ತಾನೆ. ಕಟ್ಟಿ ಮುಗಿಯುವಷ್ಟರಲ್ಲಿ ವರ್ಲೀನ್ ಜೂನಿಯ ಕೈ ಹಿಡಿದಾಗಿದೆ.

"ಹೋಗ್ಬರ್ತೀನಿ, ಡ್ಯಾಡಿ."

ಅವನು ಹೊರಟ ಮೇಲೆ ವರ್ಲೀನ್ ಚಿಲಕ ಹಾಕಿ ಪೊಲೀಸರಿಗೆ ಫೋನ್ ಮಾಡುತ್ತಾರೆ. ಪೊಲೀಸ್ ಕಾರು ಬಂದು ತಾಯಿ ಮಗಳನ್ನು ಮನೆಯವರೆಗೂ ಬಿಡಲು ಹೋಗುತ್ತದೆ. ಆಗ ವರ್ಲೀನ್ ಬೆಂಚಿನ ಮೇಲೆ ಕೂರುತ್ತಾರೆ. ಲೋಟ ಎತ್ತಲು ಹೋಗಿ ಅರ್ಧ ಕಾಫಿ ಬೆಂಚಿನ ಮೇಲೇ ಚೆಲ್ಲುತ್ತಾರೆ.

"ಯಾವಾಗ್ಲೂ ಹೀಗೇ. ನಿಂತಿರೋವಾಗ ಏನೂ ಆಗಲ್ಲ, ಆಮೇಲೆ ನಡುಕ ಶುರು."

ಈ ಕೆಲಸದಿಂದ ನಿಮಗೇನು ಆಸೆ ಎಂದು ಕೇಳುತ್ತೇನೆ. ಹಿಂದಿನ ಅಂಗಳಕ್ಕೆ ಇನ್ನೊಂದು ಕಾರು ಬರುತ್ತಿದೆ. ಅವರು ಏಳುತ್ತಾರೆ.

"ಈ ಮಕ್ಕಳು ದೊಡ್ಡೋರಾದ್ಮೇಲೆ ದಾರೀಲಿ ಸಿಕ್ರೆ ನನ್ನ ಗುರುತು ಹಿಡೀಬಾರ್ದು. ಹಿಡಿದ್ರೆ ಇಂಥ ಬೆಳಗೆಲ್ಲ ಅವರಿಗೆ ನೆನಪಿದೆ ಅಂತಾಯ್ತಲ್ಲ."